ನಕ್ಷತ್ರ ಐದು, ಆರೈಕೆ ಎಷ್ಟು?

ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಯೌವನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆ. ಎಂಬತ್ತು ದಾಟಿದ ಮೇಲೆ ಅದು ಮೊದಲ ಬಾರಿಗೆ ಬರುವುದು ತೀರಾ ಅಪರೂಪ. ಹೀಗಿದ್ದೂ ಅಮೆರಿಕದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಪ್ರತಿ ಒಂಬತ್ತು ನಿವಾಸಿಗಳಲ್ಲಿ ಒಬ್ಬರಿಗೆ ಆ ಕಾಯಿಲೆ ಇದೆಯೆಂದು ದಾಖಲಾಗಿರುವುದನ್ನು 2021ರ ಸೆಪ್ಟೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಬಯಲಿಗೆ ತಂದಿತು. ಆ ದೇಶದ ಜನಸಾಮಾನ್ಯರಲ್ಲಿ ಅದರ ಪ್ರಮಾಣ ಸುಮಾರು 150ಕ್ಕೆ ಒಂದು ಮಾತ್ರ.

ಮುಪ್ಪಿನಲ್ಲಿ ಇಷ್ಟೊಂದು ಜನರಿಗೆ ಈ ಕಾಯಿಲೆ ಅಂಟಿಕೊಂಡದ್ದಾದರೂ ಹೇಗೆ? ಉತ್ತರಕ್ಕಾಗಿ ವೈದ್ಯಶಾಸ್ತ್ರದ ಪುಸ್ತಕ ತೆರೆಯಬೇಕಾಗಿಲ್ಲ. ಈ ಕೇಂದ್ರಗಳಿಗೆ ಸರ್ಕಾರ ನೀಡುವ ನಕ್ಷತ್ರಗಳ ಲೆಕ್ಕಾಚಾರವನ್ನು ನೋಡಿದರೆ ಸಾಕು. ಅಲ್ಲಿನ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಗೆ ತುತ್ತಾದವರು. ಅವರಿಗೆ ಕೊಡುತ್ತಿದ್ದ ಒಂದು ಬಗೆಯ ಔಷಧದ ಲೆಕ್ಕ ಸರ್ಕಾರದ ಪಟ್ಟಿಯಲ್ಲಿ ಬಾರದಿರಬೇಕಾದರೆ ಕಡತದಲ್ಲಿ ಬೇರೊಂದು ಕಾಯಿಲೆಯ ಹೆಸರು ಇರಬೇಕಿತ್ತು. ಆ ಹೆಸರೇ ಸ್ಕಿಜೋಫ್ರೇನಿಯಾ.

ತಾಯಿಯನ್ನೋ ತಂದೆಯನ್ನೋ ಇನ್ನು ಮನೆಯಲ್ಲಿ ನೋಡಿಕೊಳ್ಳಲು ಸಾಧ್ಯವಿಲ್ಲ ಎಂಬ ನಿರ್ಧಾರಕ್ಕೆ ಬಂದ ಕುಟುಂಬ ಕೇಳುವ ಮೊದಲ ಪ್ರಶ್ನೆ, ‘ಯಾವ ಕೇಂದ್ರ ಒಳ್ಳೆಯದು?’ ಎಂಬುದು. ಬೆಂಗಳೂರಿನಲ್ಲೂ ಈ ಪ್ರಶ್ನೆ ಕೇಳುವವರ ಸಂಖ್ಯೆ ಏರುತ್ತಿದೆ. ಸರ್ಕಾರವೇ ಪರಿಶೀಲಿಸಿ ಅಂಕ ಕೊಟ್ಟರೆ ಸಮಸ್ಯೆ ಬಗೆಹರಿದೀತು ಎಂಬ ಅಭಿಪ್ರಾಯ ಸಹಜವಾದುದೇ. ಹಾಗೆ ಅಂಕ ಕೊಡುವ ಪದ್ಧತಿಯನ್ನು ಅಮೆರಿಕ 2008ರಿಂದಲೂ ನಡೆಸಿಕೊಂಡು ಬಂದಿದೆ. ಆ ಅಂಕಗಳು ನಿಜವಾದ ಆರೈಕೆಯನ್ನು ಎಷ್ಟರ ಮಟ್ಟಿಗೆ ತೋರಿಸುತ್ತವೆ ಎಂಬುದಕ್ಕೆ ಅಲ್ಲಿನ ಅನುಭವ ಸಾಕಷ್ಟು ಸಾಕ್ಷ್ಯ ಒದಗಿಸುತ್ತದೆ.

ನಕ್ಷತ್ರ ಮೂಡುವ ಬಗೆ

ಮೊದಲಿಗೆ ಒಂದು ಪದದ ಗೊಂದಲ ನಿವಾರಿಸಬೇಕು. ನಮ್ಮಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಹೆರಿಗೆ, ಶಸ್ತ್ರಚಿಕಿತ್ಸೆ ನಡೆಯುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರಿನಿಂದ ಕರೆಯುವುದು ವೃದ್ಧರು ಮತ್ತು ಅಶಕ್ತರು ತಿಂಗಳುಗಟ್ಟಲೆ, ವರ್ಷಗಟ್ಟಲೆ ವಾಸಿಸುವ ಆರೈಕೆ ಕೇಂದ್ರವನ್ನು. ಅಲ್ಲಿ ಸುಮಾರು 15 ಸಾವಿರ ಇಂಥ ಕೇಂದ್ರಗಳಿವೆ. ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ಯೋಜನೆಗಳನ್ನು ನಿರ್ವಹಿಸುವ ಕೇಂದ್ರೀಯ ಸಂಸ್ಥೆಯು 2008ರ ಡಿಸೆಂಬರ್‌ನಲ್ಲಿ ಇವುಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ ನೀಡುವ ಪದ್ಧತಿಯನ್ನು ಜಾರಿಗೆ ತಂದಿತು. ಹೋಟೆಲುಗಳಿಗೆ ಇರುವಂತೆಯೇ ಸರಳ. ಯಾರಿಗಾದರೂ ಒಂದೇ ನೋಟಕ್ಕೆ ಅರ್ಥವಾಗುವಂಥದ್ದು.

ಅಂತಿಮ ನಕ್ಷತ್ರಕ್ಕೆ ಮೂರು ಆಧಾರಗಳಿವೆ. ಮೊದಲನೆಯದು ರಾಜ್ಯ ಸರ್ಕಾರದ ಪರಿವೀಕ್ಷಕರು ಮುನ್ಸೂಚನೆ ನೀಡದೆ ಬಂದು ನಡೆಸುವ ತಪಾಸಣೆ. ಎರಡನೆಯದು ದಾದಿಯರು ಮತ್ತು ಸಹಾಯಕರ ಸಂಖ್ಯೆ. ಮೂರನೆಯದು ‘ಗುಣಮಟ್ಟದ ಸೂಚಕಗಳು’, ಅಂದರೆ ಎಷ್ಟು ಮಂದಿ ಬಿದ್ದು ಗಾಯಗೊಂಡರು, ಎಷ್ಟು ಮಂದಿಗೆ ಹಾಸಿಗೆ ಹುಣ್ಣಾಯಿತು, ಎಷ್ಟು ಮಂದಿಗೆ ಯಾವ ಔಷಧ ಕೊಡಲಾಯಿತು ಎಂಬಂಥ ಅಂಕಿಗಳು. ತಪಾಸಣೆಯ ನಕ್ಷತ್ರದಿಂದ ಲೆಕ್ಕ ಆರಂಭವಾಗುತ್ತದೆ. ಉಳಿದೆರಡರಲ್ಲಿ ಉತ್ತಮ ಅಂಕ ಗಳಿಸಿದರೆ ಒಂದೊಂದು ನಕ್ಷತ್ರ ಸೇರುತ್ತದೆ. ತೀರಾ ಕಳಪೆಯಾದರೆ ಕಳೆಯುತ್ತದೆ. ಹಾಗಾಗಿ ತಪಾಸಣೆಯಲ್ಲಿ ಸಾಧಾರಣ ಎನಿಸಿಕೊಂಡು ಮೂರು ನಕ್ಷತ್ರ ಪಡೆದ ಕೇಂದ್ರವೂ ಕಾಗದಪತ್ರಗಳ ಬಲದಿಂದ ಐದಕ್ಕೇರಬಹುದು.

ತಪಾಸಣೆಯ ನಕ್ಷತ್ರವೂ ಆರೈಕೆಯನ್ನು ನೇರವಾಗಿ ಅಳೆಯುವುದಿಲ್ಲ. ಪ್ರತಿ ರಾಜ್ಯದಲ್ಲಿ ಮೇಲಿನ ಶೇ 10ರಷ್ಟು ಕೇಂದ್ರಗಳಿಗೆ ಐದು, ಕೆಳಗಿನ ಶೇ 20ಕ್ಕೆ ಒಂದು, ನಡುವಿನವರಿಗೆ ಎರಡು, ಮೂರು, ನಾಲ್ಕನ್ನು ಸಮನಾಗಿ ಹಂಚಲಾಗುತ್ತದೆ. ಇಡೀ ರಾಜ್ಯದಲ್ಲಿ ಆರೈಕೆ ಹದಗೆಟ್ಟಿದ್ದರೂ ಯಾರಾದರೂ ಮೇಲಿನ ಶೇ 10ರಲ್ಲಿ ಇದ್ದೇ ಇರುತ್ತಾರೆ. ತರಗತಿಯಲ್ಲಿ ಎಲ್ಲರೂ ಅನುತ್ತೀರ್ಣರಾದರೂ ಒಬ್ಬ ಮೊದಲಿಗನಿರುವಂತೆ. ಒಂದು ರಾಜ್ಯದ ಐದು ನಕ್ಷತ್ರವನ್ನು ಇನ್ನೊಂದು ರಾಜ್ಯದ ಐದು ನಕ್ಷತ್ರದೊಂದಿಗೆ ಹೋಲಿಸುವುದಕ್ಕೂ ಬರುವುದಿಲ್ಲ.

ನಕ್ಷತ್ರಗಳು ವ್ಯರ್ಥ ಎಂದು ಇದರ ಅರ್ಥವಲ್ಲ. ಒಂದೇ ನಕ್ಷತ್ರ ಪಡೆದ ಕೇಂದ್ರದಲ್ಲಿ ಗಂಭೀರ ಲೋಪಗಳು ಸಿಕ್ಕಿರುತ್ತವೆ ಎಂಬುದನ್ನು ನಂಬಬಹುದು. ಜನರೂ ಅವುಗಳನ್ನು ನಂಬಿ ನಡೆದುಕೊಂಡಿದ್ದಾರೆ. ನಕ್ಷತ್ರ ಪದ್ಧತಿ ಬಂದ ಮೇಲೆ ಒಂದು ನಕ್ಷತ್ರದ ಕೇಂದ್ರಗಳು ಮಾರುಕಟ್ಟೆಯಲ್ಲಿ ತಮ್ಮ ಪಾಲಿನ ಸುಮಾರು ಶೇ 8ರಷ್ಟನ್ನು ಕಳೆದುಕೊಂಡವು, ಐದು ನಕ್ಷತ್ರದವು ಶೇ 6ಕ್ಕೂ ಹೆಚ್ಚು ಗಳಿಸಿದವು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಕ್ಷತ್ರ ಎಂದರೆ ಹಣ ಎಂದಾದ ದಿನವೇ ಅದನ್ನು ಹೇಗಾದರೂ ಪಡೆಯುವ ಒತ್ತಡವೂ ಹುಟ್ಟಿಕೊಂಡಿತು.

2014ರ ವೇಳೆಗೆ ಇದರ ಫಲ ಕಾಣತೊಡಗಿತ್ತು. ನಾಲ್ಕು ಅಥವಾ ಐದು ನಕ್ಷತ್ರ ಪಡೆದ ಕೇಂದ್ರಗಳ ಪ್ರಮಾಣ 2009ರಲ್ಲಿ ಶೇ 37 ಇದ್ದದ್ದು 2013ರ ಹೊತ್ತಿಗೆ ಅರ್ಧದ ಸಮೀಪಕ್ಕೆ ಬಂದಿತ್ತು. ಕಳಪೆ ಆರೈಕೆಗಾಗಿ ಕೇಂದ್ರ ಸರ್ಕಾರವೇ ವಿಶೇಷ ನಿಗಾದಲ್ಲಿ ಇರಿಸಿದ್ದ 50ಕ್ಕೂ ಹೆಚ್ಚು ಕೇಂದ್ರಗಳ ಪೈಕಿ ಸುಮಾರು ಮೂರನೇ ಎರಡರಷ್ಟು ಸಿಬ್ಬಂದಿ ಹಾಗೂ ಗುಣಮಟ್ಟ ಸೂಚಕಗಳ ವಿಭಾಗದಲ್ಲಿ ನಾಲ್ಕು-ಐದು ನಕ್ಷತ್ರ ಹೊಂದಿದ್ದವು. ಕಾರಣ ಸರಳ. ಆ ಎರಡೂ ವಿಭಾಗಗಳ ಮಾಹಿತಿಯನ್ನು ಆಗ ಸ್ವತಃ ಕೇಂದ್ರಗಳೇ ಬರೆದು ಕಳುಹಿಸುತ್ತಿದ್ದವು. ಪರೀಕ್ಷೆ ಬರೆದವನೇ ಉತ್ತರ ಪತ್ರಿಕೆಯ ಮೌಲ್ಯಮಾಪನ ಮಾಡಿದಂತೆ.

ಮಾತ್ರೆಯ ಮೌನ

ಮರೆವಿನ ಕಾಯಿಲೆ ಎಂದರೆ ಹೆಸರು, ದಿನಾಂಕ ಮರೆಯುವುದಷ್ಟೇ ಅಲ್ಲ. ಸಂಜೆಯಾಗುತ್ತಿದ್ದಂತೆ ಕೆಲವರಿಗೆ ಕಳವಳ ಹೆಚ್ಚುತ್ತದೆ. ‘ನಾನು ಮನೆಗೆ ಹೋಗಬೇಕು’ ಎಂದು ಬಾಗಿಲು ಬಡಿಯುತ್ತಾರೆ. ಸ್ನಾನ ಮಾಡಿಸಲು ಬಂದ ಅಪರಿಚಿತ ವ್ಯಕ್ತಿಯನ್ನು ಕಂಡು ಹೆದರಿ ಹೊಡೆಯುತ್ತಾರೆ; ರಾತ್ರಿಯೆಲ್ಲ ಓಡಾಡುತ್ತಾರೆ, ಕೂಗುತ್ತಾರೆ. ಹಲವು ಸಲ ಇದರ ಹಿಂದೆ ಬಾಯಿಬಿಟ್ಟು ಹೇಳಲಾಗದ ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು ಅಥವಾ ಬರೀ ಹಸಿವು ಇರುತ್ತದೆ. ಪಕ್ಕದಲ್ಲಿ ಕುಳಿತು ಸಮಾಧಾನದಿಂದ ಗಮನಿಸುವವರಿದ್ದರೆ ಕಾರಣ ತಿಳಿಯುತ್ತದೆ. ಒಬ್ಬ ಸಹಾಯಕಿಯ ಮೇಲೆ ಹದಿನೈದು ಮಂದಿಯ ಹೊಣೆ ಬಿದ್ದಾಗ ಆ ಸಮಾಧಾನ ಎಲ್ಲಿಂದ ಬರಬೇಕು?

ಅಲ್ಲಿ ಮಾತ್ರೆ ನೆರವಿಗೆ ಬರುತ್ತದೆ. ಕ್ವೆಟಿಯಾಪಿನ್, ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಮುಂತಾದ ಆ್ಯಂಟಿಸೈಕೋಟಿಕ್ ಔಷಧಗಳು ತೀವ್ರ ಮಾನಸಿಕ ಕಾಯಿಲೆಗಳಿಗೆಂದು ಬಂದಂಥವು. ವೃದ್ಧರಿಗೆ ಕೊಟ್ಟರೆ ಮಂಪರು ಕವಿಯುತ್ತದೆ, ಕೂಗು ನಿಲ್ಲುತ್ತದೆ. ಜೊತೆಗೆ ಬೀಳುವ ಅಪಾಯವೂ ಹೆಚ್ಚುತ್ತದೆ. ಡಿಮೆನ್ಷಿಯಾ ಇರುವ ವೃದ್ಧರ ಮೇಲೆ ನಡೆದ 17 ಪರೀಕ್ಷೆಗಳನ್ನು ಪರಿಶೀಲಿಸಿದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2005ರ ಏಪ್ರಿಲ್‌ನಲ್ಲಿ ಹೊಸ ಪೀಳಿಗೆಯ ಇಂಥ ಔಷಧಗಳ ಮೇಲೆ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು. ಸುಮಾರು ಹತ್ತು ವಾರಗಳ ಅವಧಿಯಲ್ಲಿ ಔಷಧ ಪಡೆದವರಲ್ಲಿ ಸಾವಿನ ಪ್ರಮಾಣ ಶೇ 4.5, ಪಡೆಯದವರಲ್ಲಿ ಶೇ 2.6 ಇತ್ತು. 2008ರಲ್ಲಿ ಹಳೆಯ ಔಷಧಗಳಿಗೂ ಅದೇ ಎಚ್ಚರಿಕೆ ವಿಸ್ತರಣೆಯಾಯಿತು. ಕೆಲವು ರೋಗಿಗಳಿಗೆ, ಕೆಲ ಕಾಲ, ವೈದ್ಯರ ನಿಗಾದಲ್ಲಿ ಇವು ಅಗತ್ಯವಾಗಬಹುದು. ಸಿಬ್ಬಂದಿಯ ಕೊರತೆಗೆ ಇವು ಪರಿಹಾರವಲ್ಲ. ಅನುಕೂಲಕ್ಕಾಗಿ ಹಗ್ಗದಿಂದಲೂ ಔಷಧದಿಂದಲೂ ನಿವಾಸಿಯನ್ನು ಕಟ್ಟಿಹಾಕಬಾರದು ಎಂದು ಅಮೆರಿಕದ 1987ರ ಕಾಯ್ದೆಯೇ ಹೇಳುತ್ತದೆ.

2012ರಲ್ಲಿ ಸರ್ಕಾರ ಈ ಔಷಧಗಳ ಬಳಕೆ ತಗ್ಗಿಸಲು ರಾಷ್ಟ್ರವ್ಯಾಪಿ ಅಭಿಯಾನ ಆರಂಭಿಸಿತು. ಯಾವ ಕೇಂದ್ರದಲ್ಲಿ ಎಷ್ಟು ಮಂದಿಗೆ ಕೊಡುತ್ತಾರೆ ಎಂಬುದನ್ನು ಪ್ರಕಟಿಸತೊಡಗಿತು. 2015ರ ಫೆಬ್ರುವರಿಯಿಂದ ಅದು ನಕ್ಷತ್ರದ ಲೆಕ್ಕಕ್ಕೂ ಸೇರಿತು. ಉದ್ದೇಶ ಒಳ್ಳೆಯದಾಗಿತ್ತು. ಆದರೆ ನಿಯಮದಲ್ಲಿ ಒಂದು ಕಿಂಡಿ ಇತ್ತು. ಸ್ಕಿಜೋಫ್ರೇನಿಯಾ, ಹಂಟಿಂಗ್ಟನ್ ಕಾಯಿಲೆ ಮತ್ತು ಟುರೆಟ್ ಸಿಂಡ್ರೋಮ್ ಇರುವವರಿಗೆ ಈ ಔಷಧ ನ್ಯಾಯವಾಗಿ ಬೇಕಾಗಬಹುದಾದ್ದರಿಂದ ಅವರನ್ನು ಎಣಿಕೆಯಿಂದ ಹೊರಗಿಡಲಾಗಿತ್ತು.

ಕಿಂಡಿ ದೊಡ್ಡದಾಗಲು ತಡವಾಗಲಿಲ್ಲ. ಸರ್ಕಾರಿ ಲೆಕ್ಕದಲ್ಲಿ 2011ರ ಕೊನೆಯಲ್ಲಿ ಶೇ 23.9 ಇದ್ದ ಬಳಕೆ ಶೇ 15ಕ್ಕಿಂತ ಕೆಳಗಿಳಿಯಿತು. ಅಭಿಯಾನದ ಯಶಸ್ಸೆಂದು ಅದನ್ನು ಕೊಂಡಾಡಲಾಯಿತು. ಹೊರಗಿಟ್ಟವರನ್ನೂ ಸೇರಿಸಿ ಎಣಿಸಿದಾಗ ಕನಿಷ್ಠ ಶೇ 21ರಷ್ಟು ನಿವಾಸಿಗಳು ಔಷಧ ಸೇವಿಸುತ್ತಲೇ ಇದ್ದರು ಎಂದು 2021ರ ಪತ್ರಿಕಾ ತನಿಖೆ ಹೇಳಿತು. 2012ರ ನಂತರ ಸ್ಕಿಜೋಫ್ರೇನಿಯಾದ ನಮೂದು ಶೇ 70ರಷ್ಟು ಹೆಚ್ಚಿತ್ತು.

ಪತ್ರಿಕೆಯ ಆರೋಪವಷ್ಟೇ ಎಂದು ಇದನ್ನು ತಳ್ಳಿಹಾಕುವಂತಿರಲಿಲ್ಲ. ಅಮೆರಿಕದ ಆರೋಗ್ಯ ಇಲಾಖೆಯ ಮಹಾ ತನಿಖಾಧಿಕಾರಿ ಕಚೇರಿ 2022ರ ನವೆಂಬರ್‌ನಲ್ಲಿ ನೀಡಿದ ವರದಿಯೂ ಅದನ್ನೇ ಹೇಳಿತು. ಕೇಂದ್ರದ ಕಡತದಲ್ಲಿ ಸ್ಕಿಜೋಫ್ರೇನಿಯಾ ಇದೆ, ಆದರೆ ಆ ವ್ಯಕ್ತಿಯ ಚಿಕಿತ್ಸಾ ಬಿಲ್ಲುಗಳ ಇತಿಹಾಸದಲ್ಲಿ ಎಲ್ಲಿಯೂ ಅದರ ಸುಳಿವಿಲ್ಲ ಎಂಬಂಥ ಪ್ರಕರಣಗಳು 2015ರಿಂದ 2019ರ ನಡುವೆ ಶೇ 194ರಷ್ಟು ಏರಿದ್ದವು. ಅದೇ ವರದಿಯಲ್ಲಿ ಇನ್ನೊಂದು ಅಂಶವಿತ್ತು. ಆ್ಯಂಟಿಸೈಕೋಟಿಕ್ ಇಳಿಯುತ್ತಿದ್ದ ವರ್ಷಗಳಲ್ಲೇ ಫಿಟ್ಸ್ ತಡೆಯುವ ಔಷಧಗಳ ಬಳಕೆ ಏರಿತ್ತು. ಅವೂ ಮಂಪರು ತರುತ್ತವೆ. ಆದರೆ ನಕ್ಷತ್ರದ ಲೆಕ್ಕದಲ್ಲಿ ಅವು ಬರುವುದಿಲ್ಲ. ಮನಸ್ಸಿನ ಮೇಲೆ ಪರಿಣಾಮ ಬೀರುವ ಎಲ್ಲ ಔಷಧಗಳನ್ನೂ ಒಟ್ಟಿಗೆ ಎಣಿಸಿದರೆ 2011ರಿಂದ 2019ರವರೆಗೆ ದೀರ್ಘಕಾಲದ ನಿವಾಸಿಗಳಲ್ಲಿ ಸುಮಾರು ಶೇ 80ರಷ್ಟು ಮಂದಿ ಒಂದಲ್ಲ ಒಂದನ್ನು ಪಡೆಯುತ್ತಲೇ ಇದ್ದರು. ಅಂದರೆ ಎಂಟು ವರ್ಷಗಳಲ್ಲಿ ಮುಖ್ಯವಾಗಿ ಬದಲಾದದ್ದು ಮಾತ್ರೆಯ ಹೆಸರು ಮತ್ತು ಕಾಯಿಲೆಯ ಹೆಸರು.

2023ರ ಜನವರಿಯಲ್ಲಿ ಸರ್ಕಾರ ಸ್ಕಿಜೋಫ್ರೇನಿಯಾ ದಾಖಲೆಗಳ ಲೆಕ್ಕಪರಿಶೋಧನೆ ಆರಂಭಿಸುವುದಾಗಿ ಪ್ರಕಟಿಸಿತು. ಸುಳ್ಳು ನಮೂದು ಸಿಕ್ಕಿದರೆ ಆ ಕೇಂದ್ರದ ಗುಣಮಟ್ಟ ಸೂಚಕದ ಅಂಕವನ್ನು ಆರು ತಿಂಗಳ ಕಾಲ ಒಂದೇ ನಕ್ಷತ್ರಕ್ಕೆ ಇಳಿಸಲಾಗುತ್ತದೆ. ಪರಿಶೋಧನೆಗೆ ಮೊದಲೇ ತಪ್ಪೊಪ್ಪಿಕೊಂಡರೆ ಶಿಕ್ಷೆಯಲ್ಲಿ ರಿಯಾಯಿತಿ ಉಂಟು. ಇಲ್ಲದ ಕಾಯಿಲೆಯ ಹಣೆಪಟ್ಟಿ ಹೊತ್ತ ಅಜ್ಜಿಗೆ ಆರು ತಿಂಗಳ ಈ ಶಿಕ್ಷೆಯಿಂದ ಏನು ದಕ್ಕಿತು ಎಂಬ ಪ್ರಶ್ನೆ ಬೇರೆ.

ಭಾನುವಾರದ ಹಾಜರಿ

ಸಿಬ್ಬಂದಿಯ ವಿಚಾರದಲ್ಲಿ ಸುಧಾರಣೆ ಹೆಚ್ಚು ಫಲ ನೀಡಿದೆ; ಅದನ್ನು ಹೇಳದಿರುವುದು ನ್ಯಾಯವಲ್ಲ. ಮೊದಲು ತಪಾಸಣೆಯ ಹಿಂದಿನ ಎರಡು ವಾರಗಳ ಹಾಜರಿಯನ್ನು ಕೇಂದ್ರಗಳೇ ತುಂಬಿ ಕೊಡುತ್ತಿದ್ದವು. 2016ರ ಜುಲೈಯಿಂದ ವೇತನ ಪಟ್ಟಿಯ ಆಧಾರದಲ್ಲಿ ದಿನದಿನದ ಹಾಜರಿಯನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸುವುದು ಕಡ್ಡಾಯವಾಯಿತು. 2018ರಲ್ಲಿ ಅದನ್ನು ನಕ್ಷತ್ರಕ್ಕೆ ಬಳಸಲು ಆರಂಭಿಸಿದಾಗ ನಿಜ ಹೊರಬಿತ್ತು. ಹತ್ತರಲ್ಲಿ ಏಳು ಕೇಂದ್ರಗಳಲ್ಲಿ ಸಿಬ್ಬಂದಿ ಹಿಂದೆ ಹೇಳಿಕೊಂಡದ್ದಕ್ಕಿಂತ ಕಡಿಮೆ ಇದ್ದರು. ವಾರಾಂತ್ಯದಲ್ಲಿ ದಾದಿಯರು ಸರಾಸರಿ ಶೇ 11, ಸಹಾಯಕರು ಶೇ 8ರಷ್ಟು ಕಡಿಮೆ ಇರುತ್ತಿದ್ದರು. 2022ರಿಂದ ವಾರಾಂತ್ಯದ ಹಾಜರಿ ಹಾಗೂ ಸಿಬ್ಬಂದಿ ಎಷ್ಟು ಬೇಗ ಕೆಲಸ ಬಿಡುತ್ತಾರೆ ಎಂಬ ಅಂಕಿ ಕೂಡ ಲೆಕ್ಕಕ್ಕೆ ಸೇರಿವೆ. ಮರೆವಿನ ಕಾಯಿಲೆಯವರ ಪಾಲಿಗೆ ಈ ಎರಡನೆಯ ಅಂಕಿ ಮುಖ್ಯ. ದಿನವೂ ಹೊಸ ಮುಖ ಕಂಡರೆ ಅವರ ಭಯ ಹೆಚ್ಚುತ್ತದೆ. ಅದೇ ಸಹಾಯಕಿ ಎರಡು ವರ್ಷ ಉಳಿದರೆ ಆಕೆಗೆ ಅವರ ಮಾತಿಲ್ಲದ ಸನ್ನೆಗಳೂ ತಿಳಿಯುತ್ತವೆ.

ಗುಣಮಟ್ಟದ ಸೂಚಕಗಳ ವಿಚಾರದಲ್ಲಿ ಇಂಥ ಸುಧಾರಣೆ ಬಹುಕಾಲ ಬರಲಿಲ್ಲ. ಬಿದ್ದು ಮೂಳೆ ಮುರಿದುಕೊಂಡವರ ಲೆಕ್ಕವನ್ನು ಕೇಂದ್ರದ ದಾದಿಯೇ ತುಂಬಬೇಕು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಪತ್ರೆಯ ಬಿಲ್ಲುಗಳನ್ನು ಈ ನಮೂದುಗಳೊಂದಿಗೆ ತಾಳೆ ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿದ್ದು ಗಂಭೀರವಾಗಿ ಗಾಯಗೊಂಡು ಆಸ್ಪತ್ರೆ ಸೇರಿದ ಘಟನೆಗಳಲ್ಲಿ ಕೇಂದ್ರಗಳು ವರದಿ ಮಾಡಿದ್ದು ಶೇ 57.5 ಮಾತ್ರ. ಉಳಿದ ಘಟನೆಗಳಲ್ಲಿ ಬಿಲ್ಲು ಇದೆ, ಮುರಿದ ಮೂಳೆ ಇದೆ. ಸರ್ಕಾರದ ಪಟ್ಟಿಯಲ್ಲಿ ಯಾರೂ ಬಿದ್ದೇ ಇಲ್ಲ.

ಸಾಕ್ಷಿ ಹೇಳಲಾಗದವರು

ಇಂಥ ಲೋಪಗಳು ಶಾಲೆ, ಆಸ್ಪತ್ರೆ, ಹೋಟೆಲುಗಳ ಶ್ರೇಯಾಂಕದಲ್ಲೂ ಇವೆಯಲ್ಲ ಎಂದು ಕೇಳಬಹುದು. ಇವೆ. ಆದರೆ ಅಲ್ಲಿ ಅನುಭವಿಸಿದವರು ಬಾಯಿಬಿಡುತ್ತಾರೆ. ಮಂಡಿ ಶಸ್ತ್ರಚಿಕಿತ್ಸೆಯ ನಂತರ ಕೆಲ ವಾರ ಆರೈಕೆ ಕೇಂದ್ರದಲ್ಲಿದ್ದು ಮರಳುವ ಎಪ್ಪತ್ತರ ವ್ಯಕ್ತಿ ಕರೆಗಂಟೆ ಒತ್ತಿದರೆ ಯಾರೂ ಬರಲಿಲ್ಲ ಎಂದು ಮಗನಿಗೆ ಹೇಳಬಲ್ಲ. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿರುವ ಡಿಮೆನ್ಷಿಯಾ ರೋಗಿಗೆ ಕರೆಗಂಟೆ ಎಂದರೇನೆಂದೇ ಮರೆತಿರುತ್ತದೆ. ಬೆಳಿಗ್ಗೆ ಊಟ ಕೊಟ್ಟರೋ ಇಲ್ಲವೋ ನೆನಪಿರುವುದಿಲ್ಲ. ಹೊಡೆದರೂ ಹೇಳಲಾರರು, ಹೇಳಿದರೂ ನಂಬುವವರು ಕಡಿಮೆ. ಆ ಎರಡು ಕೋಣೆಗಳಿಗೂ ಒಂದೇ ನಕ್ಷತ್ರ. ಮರೆವಿನ ಕಾಯಿಲೆಯ ಆರೈಕೆಗೆಂದೇ ಪ್ರತ್ಯೇಕ ನಕ್ಷತ್ರ ಈ ಪದ್ಧತಿಯಲ್ಲಿಲ್ಲ.

ಇನ್ನೂ ಒಂದು ವಿಚಿತ್ರವಿದೆ. ಅಮೆರಿಕದಲ್ಲಿ ಡಿಮೆನ್ಷಿಯಾ ಕುಟುಂಬಗಳು ಮೊದಲಿಗೆ ಹುಡುಕಿಕೊಂಡು ಹೋಗುವುದು ಹಲವು ವೇಳೆ ‘ಮೆಮೊರಿ ಕೇರ್’ ಎಂಬ ಫಲಕ ಹೊತ್ತ ವಸತಿಗಳನ್ನು. ಅವುಗಳಲ್ಲಿ ಬಹುಪಾಲು ನರ್ಸಿಂಗ್ ಹೋಮ್ ವರ್ಗಕ್ಕೆ ಸೇರುವುದಿಲ್ಲ. ಆಯಾ ರಾಜ್ಯಗಳ ನಿಯಮಕ್ಕೆ ಒಳಪಟ್ಟ ಅವುಗಳಿಗೆ ಕೇಂದ್ರ ಸರ್ಕಾರದ ನಕ್ಷತ್ರವೇ ಇಲ್ಲ.

ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇನ್ನೊಂದು ಚಿಂತೆಯೂ ಇದೆ. ಮರೆವಿನ ಕಾಯಿಲೆ ಬಲಿತಂತೆ ಅನೇಕರಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯಿನುಡಿ ಉಳಿಯುತ್ತದೆ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವರೂ ನೀರು ಬೇಕೆಂದು ಕನ್ನಡದಲ್ಲಿ ಕೇಳತೊಡಗುತ್ತಾರೆ. ಆ ಮಾತು ಯಾರಿಗೆ ಅರ್ಥವಾಗುತ್ತದೆ ಎಂಬುದು ಯಾವ ಸೂಚಕದಲ್ಲೂ ಇಲ್ಲ.

ಇಂಗ್ಲೆಂಡ್‌ನ ಎರಡು ಪಾಠ

ಅಮೆರಿಕ ಕೇಂದ್ರಗಳಿಗೆ ಅಂಕ ಕೊಟ್ಟರೆ, ಇಂಗ್ಲೆಂಡ್ 2016ರಲ್ಲಿ ಇಡೀ ಪ್ರದೇಶಗಳಿಗೇ ಅಂಕ ಕೊಡಲು ಹೊರಟಿತು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಹಣ ಹಂಚುತ್ತಿದ್ದ ಇನ್ನೂರಕ್ಕೂ ಹೆಚ್ಚು ಸ್ಥಳೀಯ ಘಟಕಗಳನ್ನು ಡಿಮೆನ್ಷಿಯಾ ಆರೈಕೆಯಲ್ಲಿ ನಾಲ್ಕು ದರ್ಜೆಗಳಾಗಿ ವಿಂಗಡಿಸಲಾಯಿತು. ಆಧಾರ ಎರಡೇ. ಆ ಪ್ರದೇಶದಲ್ಲಿ ಕಾಯಿಲೆ ಇರಬಹುದೆಂದು ಅಂದಾಜಿಸಿದವರಲ್ಲಿ ಎಷ್ಟು ಮಂದಿಗೆ ರೋಗನಿರ್ಣಯ ಆಗಿದೆ ಎಂಬುದು ಒಂದು. ಮೂರನೇ ಎರಡರಷ್ಟು ಮಂದಿಗೆ ಆಗಬೇಕೆಂಬುದು ರಾಷ್ಟ್ರೀಯ ಗುರಿ. ಆರೈಕೆ ಯೋಜನೆಯನ್ನು ಕಳೆದ ಹನ್ನೆರಡು ತಿಂಗಳಲ್ಲಿ ಪರಿಶೀಲಿಸಲಾಗಿದೆಯೇ ಎಂಬುದು ಇನ್ನೊಂದು.

ಕಾಯಿಲೆಯ ಹೆಸರು ತಿಳಿಯುವುದು ಮುಖ್ಯವೇ. ಆದರೆ ಚೀಟಿ ಕೈಗಿತ್ತ ಮೇಲೆ ಏನಾಯಿತು? ಹಗಲು ನೋಡಿಕೊಳ್ಳಲು ಯಾರಾದರೂ ಬಂದರೇ, ಹೆಂಡತಿಗೆ ವಾರಕ್ಕೊಂದು ದಿನವಾದರೂ ಬಿಡುವು ಸಿಕ್ಕಿತೇ, ಪರಿಶೀಲಿಸಿದ ಯೋಜನೆಯಲ್ಲಿ ಬರೆದದ್ದು ಜಾರಿಯಾಯಿತೇ ಎಂಬುದನ್ನು ಈ ಎರಡು ಅಂಕಿಗಳು ಹೇಳಲಾರವು. ಗುರಿ ಮುಟ್ಟುವ ಆತುರ ಎಷ್ಟಿತ್ತೆಂದರೆ, 2014ರಲ್ಲಿ ಪ್ರತಿ ಹೊಸ ರೋಗನಿರ್ಣಯಕ್ಕೆ ಕುಟುಂಬ ವೈದ್ಯರಿಗೆ 55 ಪೌಂಡ್ ಕೊಡುವ ಯೋಜನೆ ಬಂದು, ತೀವ್ರ ಟೀಕೆಗೆ ಒಳಗಾಗಿ, 2015ರ ಮಾರ್ಚ್‌ಗೆ ಕೊನೆಗೊಂಡಿತು. ಆ ಸ್ಥಳೀಯ ಘಟಕಗಳು 2022ರ ಜುಲೈನಲ್ಲಿ ರದ್ದಾದವು.

ಎರಡನೆಯ ಪಾಠ ಇನ್ನೂ ಕಹಿಯಾದುದು. 2011ರಲ್ಲಿ ಲಂಡನ್ನಿನ ಆರೈಕೆ ಕೇಂದ್ರವೊಂದರಲ್ಲಿದ್ದ ಅಲ್ಝೈಮರ್ ಪೀಡಿತ ತಾಯಿಯ ಮೈಮೇಲೆ ಗಾಯದ ಗುರುತು ಕಂಡು ಸಂಶಯಗೊಂಡ ಮಗಳು ಕೋಣೆಯಲ್ಲಿ ಗುಪ್ತ ಕ್ಯಾಮೆರಾ ಇಟ್ಟಳು. ಸಿಬ್ಬಂದಿಯೊಬ್ಬ ಆ ವೃದ್ಧೆಯನ್ನು ಹೊಡೆಯುವುದು ಅದರಲ್ಲಿ ಸೆರೆಯಾಯಿತು. 2012ರಲ್ಲಿ ಆತನಿಗೆ ಜೈಲು ಶಿಕ್ಷೆಯಾಯಿತು. ಆ ಕೇಂದ್ರಕ್ಕೆ ಸರ್ಕಾರಿ ನಿಯಂತ್ರಣ ಸಂಸ್ಥೆ ನೀಡಿದ್ದ ದರ್ಜೆ ‘ಅತ್ಯುತ್ತಮ’. ಪರಿವೀಕ್ಷಕರು ಹಗಲಲ್ಲಿ ಬಂದು ಕಡತ ನೋಡುತ್ತಾರೆ. ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದು ಅವರಿಗೆ ಸಿಗುವುದಿಲ್ಲ.

ಹಳಸಿದ ದರ್ಜೆಯ ಸಮಸ್ಯೆಯೂ ಅಲ್ಲಿದೆ. ಆ ನಿಯಂತ್ರಣ ಸಂಸ್ಥೆಯ ಕಾರ್ಯವೈಖರಿಯನ್ನು ಪರಾಮರ್ಶಿಸಿ 2024ರಲ್ಲಿ ಸಿದ್ಧವಾದ ವರದಿಯು ಐದರಲ್ಲಿ ಒಂದು ಸ್ಥಳಕ್ಕೆ ಎಂದೂ ದರ್ಜೆಯೇ ಸಿಕ್ಕಿಲ್ಲವೆಂದೂ, ಕೆಲವು ಸಂಸ್ಥೆಗಳ ದರ್ಜೆ ಹಲವು ವರ್ಷ ಹಳೆಯದೆಂದೂ ಹೇಳಿತು. ಮೇಲ್ವಿಚಾರಕಿ ಬದಲಾದರೆ ಆರೇ ತಿಂಗಳಲ್ಲಿ ಒಂದು ಕೇಂದ್ರದ ಸ್ವರೂಪವೇ ಬದಲಾಗುತ್ತದೆ. ಗೋಡೆಯ ಮೇಲಿನ ಪ್ರಮಾಣಪತ್ರ ಮಾತ್ರ ಹಾಗೇ ತೂಗುತ್ತಿರುತ್ತದೆ.

ನಮ್ಮಲ್ಲಿ ಲೆಕ್ಕವೇ ಇಲ್ಲ

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತಿನಲ್ಲೇ ನಾವು ಈ ಕಾಯಿಲೆಯನ್ನು ಬಹುಕಾಲ ಮುಪ್ಪಿನ ಸಹಜ ಲಕ್ಷಣವೆಂದು ಬಗೆದು ಸುಮ್ಮನಿದ್ದೆವು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಬಹುಪಾಲು ಮಂದಿಯ ಆರೈಕೆ ನಡೆಯುವುದು ಮನೆಯಲ್ಲೇ. ಮಾಡುವವರು ಹೆಂಡತಿ, ಸೊಸೆ ಅಥವಾ ಮಗಳು.

ಮಕ್ಕಳು ಹೊರದೇಶದಲ್ಲಿರುವ, ಮನೆಯಲ್ಲಿ ಹಗಲು ಯಾರೂ ಇಲ್ಲದ ಕುಟುಂಬಗಳು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಖಾಸಗಿ ಕೇಂದ್ರಗಳನ್ನು ಅರಸುತ್ತವೆ. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಕರ್ನಾಟಕದಲ್ಲಿ 2007ರ ಕಾಯ್ದೆ ಇದೆ. ಮಾನಸಿಕ ಆರೋಗ್ಯ ಸಂಸ್ಥೆಗಳ ನೋಂದಣಿಗೆ 2017ರ ಕೇಂದ್ರ ಕಾಯ್ದೆ ಇದೆ. ವೃದ್ಧಾಶ್ರಮವೂ ಅಲ್ಲದ, ಆಸ್ಪತ್ರೆಯೂ ಅಲ್ಲದ ಮರೆವಿನ ಕಾಯಿಲೆಯ ಮನೆ ಇವುಗಳ ನಡುವೆ ಎಲ್ಲೋ ನಿಲ್ಲುತ್ತದೆ. ಅಮೆರಿಕದ ನಕ್ಷತ್ರದಂಥ ಸರ್ಕಾರಿ ಶ್ರೇಯಾಂಕ ಇಲ್ಲಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ನಕ್ಷತ್ರಗಳು ಭೇಟಿ ನೀಡಿದವರು ಒತ್ತಿದವು. ಅವುಗಳ ಹಿಂದೆ ತಪಾಸಣೆ, ಹಾಜರಿ ಪಟ್ಟಿ ಯಾವುದೂ ಇಲ್ಲ.

ಹಾಗೆ ನೋಡಿದರೆ ಅಮೆರಿಕದ ಕುಟುಂಬ ನಮ್ಮವರಿಗಿಂತ ಮುಂದಿದೆ. ‘ಕೇರ್ ಕಂಪೇರ್’ ಎಂಬ ಸರ್ಕಾರಿ ತಾಣದಲ್ಲಿ ನಕ್ಷತ್ರದ ಕೆಳಗೆ ತಪಾಸಣಾ ವರದಿಯ ಪೂರ್ಣ ಪಾಠವನ್ನೂ ಓದಬಹುದು. ಯಾವ ದಿನ, ಯಾವ ನಿವಾಸಿಗೆ ಏನಾಯಿತು ಎಂಬುದನ್ನು ಹೆಸರು ಮರೆಮಾಚಿ ಅಲ್ಲಿ ಬರೆದಿರುತ್ತದೆ. ಹಿಂಸೆಯ ದೂರು ಸಾಬೀತಾದ ಕೇಂದ್ರದ ಮುಂದೆ 2019ರ ಅಕ್ಟೋಬರ್‌ನಿಂದ ಕೆಂಪು ಹಸ್ತದ ಗುರುತು ಹಾಕಲಾಗುತ್ತಿದೆ. ನಕ್ಷತ್ರಕ್ಕಿಂತ ಈ ವರದಿ ಹೆಚ್ಚು ನಂಬಲರ್ಹ. ಏಕೆಂದರೆ ಅದನ್ನು ಬರೆದವರು ಕೇಂದ್ರದವರಲ್ಲ.

ಕರ್ನಾಟಕದಲ್ಲಿ ಮುಂದೆ ಇಂಥ ವ್ಯವಸ್ಥೆ ರೂಪುಗೊಳ್ಳುವುದಾದರೆ ನಕ್ಷತ್ರದ ಸಂಖ್ಯೆಗಿಂತ ಮೊದಲು ತೀರ್ಮಾನವಾಗಬೇಕಾದದ್ದು, ಮಾಹಿತಿ ಬರೆಯುವವರು ಯಾರು ಎಂಬುದು. ಔಷಧದ ಲೆಕ್ಕವನ್ನು ಕೇಂದ್ರದಿಂದಲ್ಲ, ಬರೆದ ವೈದ್ಯರಿಂದ ಮತ್ತು ಮಾರಿದ ಅಂಗಡಿಯಿಂದ ಪಡೆಯಬೇಕು. ಹಾಜರಿಯನ್ನು ಸಂಬಳದ ಪಟ್ಟಿಯಿಂದ ತೆಗೆಯಬೇಕು. ಯಾವ ಕಾಯಿಲೆಗೂ ವಿನಾಯಿತಿ ನೀಡದೆ ಒಟ್ಟು ಬಳಕೆಯನ್ನು ಪ್ರಕಟಿಸಬೇಕು. ಕಾರಣವನ್ನು ಪಕ್ಕದಲ್ಲಿ ಬರೆಯಲು ಅಡ್ಡಿಯಿಲ್ಲ.

ಅಲ್ಲಿಯವರೆಗೆ ಕುಟುಂಬಗಳ ಕೈಯಲ್ಲಿ ಉಳಿಯುವುದು ಅವರದೇ ಕಣ್ಣು. ಕೇಂದ್ರದವರು ಕೊಟ್ಟ ಸಮಯಕ್ಕೆ ಬೆಳಿಗ್ಗೆ ಹೋದರೆ ಹೂಕುಂಡ, ಹೊಸ ಬಣ್ಣ ಕಾಣುತ್ತದೆ. ಹೇಳದೆ ಭಾನುವಾರ ಸಂಜೆ ಊಟದ ಹೊತ್ತಿಗೆ ಹೋದರೆ, ತಟ್ಟೆ ಮುಂದಿಟ್ಟು ಹೊರಟುಹೋಗುತ್ತಾರೋ, ಕುಳಿತು ತುತ್ತು ಕೊಡುತ್ತಾರೋ ತಿಳಿಯುತ್ತದೆ. ಸಂಜೆ ಆರಕ್ಕೇ ಎಲ್ಲರೂ ಕುರ್ಚಿಯಲ್ಲಿ ತೂಕಡಿಸುತ್ತಿದ್ದರೆ ಕಾರಣ ಕೇಳಬೇಕು. ಈ ಆಯಾ ಇಲ್ಲಿಗೆ ಬಂದು ಎಷ್ಟು ಕಾಲವಾಯಿತು, ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ, ಅಮ್ಮನ ಭಾಷೆ ಬಲ್ಲವರು ಯಾವ ಪಾಳಿಯಲ್ಲಿದ್ದಾರೆ ಎಂದು ವಿಚಾರಿಸಬೇಕು. ತಿಂಗಳಿಗೊಮ್ಮೆ ಔಷಧದ ಚೀಟಿಯನ್ನು ಕೇಳಿ ಪಡೆದು, ಹೊಸ ಮಾತ್ರೆ ಸೇರಿದ್ದರೆ ಅದು ಯಾವ ಕಾಯಿಲೆಗೆ, ಎಷ್ಟು ದಿನಕ್ಕೆ, ಯಾವ ವೈದ್ಯರು ಬರೆದದ್ದು ಎಂದು ಹೊರಗಿನ ಇನ್ನೊಬ್ಬ ವೈದ್ಯರಿಗೆ ತೋರಿಸಿ ತಿಳಿದುಕೊಳ್ಳಬೇಕು.